ಹಾನಗಲ್ ಎರಡು ಸಲ

ಹೋದ ತಿಂಗಳು ಕೆಮ್ಮು ಬಿಡದೆ ಹಿಡಿದುಕೊಂಡಾಗ ಡಾಕ್ಟರು, ಎದೆಯದೊಂದು ಎಕ್ಸ್‌ರೇ ತೆಗೆಸಿಕೊಂಡು ಬನ್ನಿ ಎಂದರು. ಎಕ್ಸ್‌ರೇ ತೆಗೆಯುವಾತ ನನ್ನನ್ನು ತಣ್ಣನೆಯ ಹಲಗೆಗೆ ಆನಿಸಿ ನಿಲ್ಲಿಸಿ, "ಉಸಿರು ಎಳ್ಕಳ್ರಮ್ಮ, ಹಂಗೇ ಹಿಡ್ಕಳ್ರಿ" ಎಂದು ಪಕ್ಕದ ಕೋಣೆಗೆ ಹೋದ. ನಾನು ಹಿಡಿದುಕೊಂಡೆ. ಹಿಡಿದುಕೊಂಡವಳು ನನಗೇ ಗೊತ್ತಿಲ್ಲದಂತೆ ಮನಸ್ಸಿನಲ್ಲಿ ಎಣಿಸತೊಡಗಿದೆ: ಚಳ್ಳಕೆರೆ... ತಳಕು... ಬಿ.ಜಿ.ಕೆರೆ... ಅಷ್ಟರಲ್ಲಿ "ಆಯ್ತು, ಬಿಡ್ರಿ" ಎಂಬ ಕೂಗು ಬಂತು. ನಾನು ಬಿಡಲಿಲ್ಲ. ಹಾನಗಲ್ ಇನ್ನೂ ಬಂದಿರಲಿಲ್ಲ. "ಅಮ್ಮಾ, ಉಸಿರು ಬಿಡ್ರಿ!" ಎಂದು ಆತ ಗಾಬರಿಯಿಂದ ಹೊರಗೆ ಓಡಿ ಬಂದ ಮೇಲೆ ನನಗೆ ನಗುವೂ ಕೆಮ್ಮೂ ಒಟ್ಟಿಗೆ ಬಂದು, ಕೊನೆಗೆ ಅವನೇ ನೀರು ತಂದುಕೊಡಬೇಕಾಯಿತು.

ಆಮೇಲೆ ಬೆಂಚಿನ ಮೇಲೆ ಕಾಯುತ್ತ ಕೂತಿದ್ದಾಗ ಆ ಪಕ್ಕದ ಕೋಣೆಯ ಬಾಗಿಲು ಒಮ್ಮೆ ತೆರೆದು ಮುಚ್ಚಿತು. ಒಳಗಿನಿಂದ ಹುಳಿಹುಳಿಯಾದ, ಮೂಗಿಗೆ ಚುರುಕ್ಕೆನ್ನುವ ವಾಸನೆಯೊಂದು ಬಂತು. ನನ್ನ ಪಕ್ಕದಲ್ಲಿದ್ದ ಹೆಂಗಸು ಸೆರಗು ಮೂಗಿಗೆ ಹಿಡಿದಳು. ನಾನು ಕತ್ತು ಮುಂದೆ ಮಾಡಿ ಆಸೆಯಿಂದ ಎಳೆದುಕೊಂಡೆ. ಹೈಪೋ! ಫೋಟೋದ ಮೇಲಿನ ಚಿತ್ರ ಅಳಿಯದೆ ನಿಲ್ಲಲಿ ಎಂದು ಅದ್ದುವ ನೀರು. ಆದರೆ ಇದು ಮುಪ್ಪಾದ ಹೈಪೋ ಎಂದು ನನ್ನ ಮೂಗು ಹೇಳಿತು. ಸುಮ್ಮನಿರಬಹುದಿತ್ತು. ಇರಲಿಲ್ಲ. "ನೋಡಪ್ಪಾ, ನಿಮ್ಮ ಹೈಪೋ ಹಳೇದಾಗೈತೆ. ಚೆಲ್ಲಿ ಹೊಸಾದು ಕಲಸ್ರಿ" ಅಂದೆ. ಬಾಗಿಲಲ್ಲಿದ್ದ ಎಕ್ಸ್‌ರೇಯಾತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಡಾಕ್ಟರಮ್ಮನೇನ್ರಿ?" ಎಂದ. "ಅಲ್ಲಪ್ಪ, ನಾನು ಬಚ್ಚಲುಮನೆಯೋಳು" ಅಂದೆ.

ಸುಳ್ಳೇನಲ್ಲ. ನನ್ನ ಜೀವನದ ಒಳ್ಳೆಯ ಹತ್ತು ವರ್ಷಗಳನ್ನು ನಾನು ಬಚ್ಚಲುಮನೆಯಲ್ಲೇ ಕಳೆದಿದ್ದೇನೆ. ನಮ್ಮ ಯಜಮಾನರು ತಿಪ್ಪೇಸ್ವಾಮಿ ಚಳ್ಳಕೆರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಮುಂದೆ ಸ್ಟುಡಿಯೋ, ಹಿಂದೆ ಮನೆ, ಮನೆಯ ಕಡೆಗೆ ಬಚ್ಚಲು. ಆ ಬಚ್ಚಲೇ ಡಾರ್ಕ್‌ರೂಮು. ಕಿಟಕಿಗೆ ದೊಡ್ಡಉಳ್ಳಾರ್ತಿಯ ಕುರಿಗಾಹಿಯೊಬ್ಬರಿಂದ ತಂದ ಕರೀ ಕಂಬಳಿ ಬಡಿದಿದ್ದರು. ಕಂಬಳಿಗೆ ಕುರಿಯ ವಾಸನೆ, ಟ್ರೇಗಳಿಗೆ ಹೈಪೋದ ವಾಸನೆ, ಹಂಡೆಯ ಒಲೆಗೆ ಹೊಗೆಯ ವಾಸನೆ. ಹೊರಗಿನ ಬಿಸಿಲಿಗೆ ಈ ಮೂರೂ ಸೇರಿ ಕುದಿಯುತ್ತಿದ್ದವು. ಪ್ರಿಂಟು ಹಾಕುವ ದಿನ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ. ನಮ್ಮತ್ತೆ ತಲೆಗೆ ಎಣ್ಣೆ ಹಚ್ಚಿಕೊಂಡು ಬಾಗಿಲ ಹೊರಗೆ ಕೂತು ಕೂಗುತ್ತಿದ್ದರು: "ಏನಪ್ಪಾ ತಿಪ್ಪೇಶ, ಊರೋರ ಮುಖ ಎಲ್ಲಾ ತೊಳದು ಹಾಕ್ತೀಯ. ನಿಮ್ಮವ್ವಂದೊಂದು ಮುಖ ಐತೆ, ತೊಳ್ಕಣಾಕೆ ಜಾಗ ಬಿಡ್ತೀಯೋ ಇಲ್ಲೋ?"

ಮದುವೆಯಾದ ಹೊಸದರಲ್ಲಿ ನಾನೂ ಆ ಬಾಗಿಲ ಹೊರಗಿನವಳೇ. ಒಂದು ದಿನ ಯಜಮಾನರು ನೀರು ಹಾಕಲು ಒಳಗೆ ಕರೆದರು. ಹೋದೆ. ಕೆಂಪು ಬಲ್ಬಿನ ಮಬ್ಬು ಬೆಳಕು. ನನಗೆ ಮಬ್ಬು ಹೊಸದಲ್ಲ. ನಾನು ಮೊಳಕಾಲ್ಮೂರಿನ ಮಗ್ಗದ ಮನೆಯ ಮಗಳು. ನಮ್ಮಪ್ಪ ಕುಣಿಮಗ್ಗದೊಳಗೆ ಕಾಲಿಳಿಬಿಟ್ಟು ಕೂತರೆ, ಎಳೆ ಕಾಣದಷ್ಟು ಕತ್ತಲಾದರೂ ದೀಪ ಹಾಕು ಎನ್ನುತ್ತಿರಲಿಲ್ಲ, ಬೆರಳಲ್ಲೇ ನೋಡುತ್ತಿದ್ದ. ಹಾಗಾಗಿ ಕತ್ತಲೆಗೆ ಹೆದರಲಿಲ್ಲ. ಹೆದರಿದ್ದು ಟ್ರೇ ಕಡೆ ನೋಡಿದಾಗ. ನೀರಿನಲ್ಲಿ ಒಂದು ಬಿಳೀ ಕಾಗದ ತೇಲುತ್ತಿತ್ತು. ನೋಡನೋಡುತ್ತಲೇ ಅದರಲ್ಲಿ ಎರಡು ಹುಬ್ಬು ಮೂಡಿದವು. ಆಮೇಲೆ ಕಣ್ಣು. ಆಮೇಲೆ ದೊಡ್ಡ ಮೀಸೆ. ಯಾರೋ ಗಂಡಸು ನೀರೊಳಗಿಂದ ನನ್ನನ್ನೇ ನೋಡುತ್ತಿದ್ದಾನೆ! "ಅಯ್ಯೋ, ಯಾರೋ ಬಂದ್ರು ನೋಡ್ರಿ" ಎಂದು ತಟಕ್ಕನೆ ತಲೆ ಮೇಲೆ ಸೆರಗು ಹೊದ್ದುಕೊಂಡೆ. ಯಜಮಾನರು ನಕ್ಕಿದ್ದಕ್ಕೆ ಕೈಯಲ್ಲಿದ್ದ ಇಕ್ಕಳ ಹೈಪೋಗೆ ಬಿತ್ತು. ಆ ಕಥೆಯನ್ನು ನಮ್ಮ ನೆಂಟರಿಷ್ಟರಲ್ಲಿ ಅವರು ಹೇಳದೆ ಬಿಟ್ಟವರು ಯಾರೂ ಇಲ್ಲ. ಹೇಳಿಕೊಳ್ಳಲಿ. ಅವತ್ತಿನಿಂದ ನಾನು ಬಚ್ಚಲಿನಿಂದ ಹೊರಗೆ ಬರಲಿಲ್ಲ.

ಈಗ ನೀವು ಕೇಳಬಹುದು, ಬಸ್‌ಸ್ಟಾಪುಗಳನ್ನು ಎಣಿಸುವ ಹುಚ್ಚು ಎಲ್ಲಿಂದ ಬಂತು ಎಂದು. ಹೇಳುತ್ತೇನೆ. ಎನ್‌ಲಾರ್ಜರ್ ಎಂಬ ಯಂತ್ರದ ಬಲ್ಬು ಹಾಕಿದರೆ ನೆಗೆಟಿವ್ ಮೂಲಕ ಕಾಗದದ ಮೇಲೆ ಬೆಳಕು ಬೀಳುತ್ತದೆ. ಬೆಳಕು ಹೆಚ್ಚು ಬಿದ್ದಷ್ಟೂ ಚಿತ್ರ ಕಪ್ಪಾಗುತ್ತದೆ. ಈ ಗುಣದಲ್ಲಿ ಫೋಟೋ ಕಾಗದಕ್ಕೂ ಚಳ್ಳಕೆರೆಯ ಜನಕ್ಕೂ ಏನೂ ವ್ಯತ್ಯಾಸವಿಲ್ಲ. ಎಷ್ಟು ಹೊತ್ತು ಬೆಳಕು ಬಿಡಬೇಕು ಎಂಬುದರಲ್ಲೇ ಕಸುಬಿನ ಗುಟ್ಟೆಲ್ಲ ಇರುವುದು. ಅದಕ್ಕೊಂದು ಗಡಿಯಾರ ಇರುತ್ತದಂತೆ. ನಮ್ಮಲ್ಲಿರಲಿಲ್ಲ. ಯಜಮಾನರು ಹೇಳಿಕೊಟ್ಟ ಲೆಕ್ಕವೇ ಬೇರೆ.

"ನಮ್ಮೂರಿಂದ ಬಳ್ಳಾರಿಗೆ ಬಸ್ಸು ಹೋಗ್ತೈತಲ್ಲ, ಹಂಗೆ ಒಂದೊಂದೇ ಊರು ಎಣ್ಸು. ಎಲೆಅಡಿಕೆ ಬಾಯಾಗೆ ಇಟ್ಕಂಡು ಹೇಳ್ದಂಗೆ, ನಿಧಾನಕ್ಕೆ."

"ಒಂದು, ಎರಡು, ಮೂರು ಅಂದ್ರೆ ಆಗಲ್ವೇನ್ರಿ?"

"ಅಂಕಿ ಎಣಿಸಿದ್ರೆ ಅವಸರ ಬರ್ತೈತೆ. ಊರು ಅಂದ್ರೆ ದಾರಿ ನೆನಪಾಗ್ತೈತೆ. ತಾನಾಗೇ ನಿಧಾನ ಆಗ್ತೀಯ."

ಈ ಮಾತನ್ನು ಅವರು ಎಲ್ಲಿಂದ ಕಲಿತರೋ ಗೊತ್ತಿಲ್ಲ, ಆದರೆ ನಿಜ. ನೀವೇ ಕಣ್ಣು ಮುಚ್ಚಿ 'ತಳಕು' ಎಂದು ನೋಡಿ. ಬಸ್ಸು ನಿಂತು, ಒಬ್ಬಳು ಬುಟ್ಟಿ ಇಳಿಸಿಕೊಂಡು, ಕಂಡಕ್ಟರು ರೈಟ್ ಅನ್ನುವವರೆಗೆ ಮುಂದಿನ ಊರಿಗೆ ಹೋಗಲು ಮನಸ್ಸು ಬರುವುದಿಲ್ಲ. ನಮ್ಮ ಬಚ್ಚಲಿನಲ್ಲಿ ಆಡುತ್ತಿದ್ದ ಮಾತೆಲ್ಲ ಇದೇ ಭಾಷೆ. ಉಳ್ಳಾರ್ತಿ ಕಾವಲ್ ಕಡೆಯ ದನಗಾಹಿ ಹಿರಿಯರು ಫೋಟೋ ತೆಗೆಸಲು ಬಂದರೆ ಒಂದು ಫಜೀತಿ: ಮುಖ ಕಪ್ಪು, ರುಮಾಲು ಹಾಲಿನಂಥ ಬಿಳುಪು. ಮುಖ ಸರಿಹೋದರೆ ರುಮಾಲಿನ ಮಡಿಕೆ ಮಾಯ. ರುಮಾಲು ಸರಿಹೋದರೆ ಮುಖ ಇದ್ದಿಲು. ಆಗ ಯಜಮಾನರು ಸೈಕಲ್ ಕಡ್ಡಿಗೆ ಅಂಟಿಸಿದ ರಟ್ಟಿನ ಬಿಲ್ಲೆಯೊಂದನ್ನು ಬೆಳಕಿಗೆ ಅಡ್ಡ ಹಿಡಿದು, "ಮುಖ ತಳಕಿನಾಗೆ ಇಳೀಲಿ, ರುಮಾಲು ಬಳ್ಳಾರಿಗೆ ಹೋಗ್ಲಿ" ಎನ್ನುತ್ತಿದ್ದರು. ಪಾಪ, ಆ ಹಿರಿಯರು ಮುಂದೆ ಸ್ಟುಡಿಯೋದ ಬೆಂಚಿನ ಮೇಲೆ ಕೂತು, ಒಳಗೆ ತಮ್ಮ ರುಮಾಲು ಒಂಟಿಯಾಗಿ ಬಳ್ಳಾರಿಗೆ ಹೋಗುತ್ತಿರುವುದು ತಿಳಿಯದೆ ಬೀಡಿ ಸೇದುತ್ತಿರುತ್ತಿದ್ದರು. ಇನ್ನು ನಮ್ಮೂರಿನ ಎಣ್ಣೆ ಮಿಲ್ಲುಗಳು ಶುರುವಾದರೆ ವೋಲ್ಟೇಜು ಇಳಿದು ಬಲ್ಬು ಮಂಕಾಗುತ್ತಿತ್ತು. ಆಗ "ಬಸ್ಸು ಲೋಡಾಗೈತೆ, ಇನ್ನೂ ನಿಧಾನ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಈಗ ಕಂಪ್ಯೂಟರು ಬಂದಿದೆ. ನಮ್ಮ ಸ್ಟುಡಿಯೋಗೂ ಬಂದಿದೆ. ಒಂದು ಗುಂಡಿ ಒತ್ತಿದರೆ ಮುಖ ಬೆಳ್ಳಗೆ, ಇನ್ನೊಂದು ಒತ್ತಿದರೆ ಹಿಂದೆ ಹಿಮಾಲಯ. ನನಗೆ ಅದರ ಮೇಲೆ ಸಿಟ್ಟೇನಿಲ್ಲ. ಬಚ್ಚಲು ವಾಪಸು ಸಿಕ್ಕಿದ್ದು ಅದರಿಂದಲೇ. ಆದರೆ ಅದರಲ್ಲಿ ಯಾರೂ ಬರುವುದಿಲ್ಲ, ಎಲ್ಲರೂ ಮೊದಲೇ ಬಂದು ಕೂತಿರುತ್ತಾರೆ. ಟ್ರೇಯಲ್ಲಿ ಹಾಗಲ್ಲ. ಸಾವಿರ ಸಲ ನೋಡಿದರೂ ಸಾವಿರದೊಂದನೆಯ ಸಲ ಹುಬ್ಬು ಮೂಡುವಾಗ ನನ್ನ ಎದೆ ಒಂದು ಸಲ ಜಗ್ಗುತ್ತಿತ್ತು. ಬರುತ್ತಾರೋ ಇಲ್ಲವೋ, ಬಂದರೂ ಅವರೇ ಬರುತ್ತಾರೋ ಎಂಬ ಪುಕುಪುಕು.

ಅವರೇ ಬರುತ್ತಾರೋ ಎನ್ನುವುದು ಸಣ್ಣ ವಿಷಯವಲ್ಲ. ಅದಕ್ಕೆ ನನ್ನ ನಾದಿನಿ ರತ್ನಳ ಕಥೆ ಹೇಳಬೇಕು.

ರತ್ನ ಯಜಮಾನರ ಒಬ್ಬಳೇ ತಂಗಿ. ಎಣ್ಣೆಗೆಂಪು ಮುಖ, ಎಡಹುಬ್ಬಿನ ಮೇಲೆ ಚಿಕ್ಕಂದಿನಲ್ಲಿ ಬಿದ್ದ ಗಾಯದ ಗೆರೆ, ನಕ್ಕರೆ ಒಂದೇ ಕೆನ್ನೆಯಲ್ಲಿ ಗುಳಿ. ನೋಡಲು ಲಕ್ಷಣವಾಗಿದ್ದಳು. ಅವಳ ದುರದೃಷ್ಟ ಎಂದರೆ ಅಣ್ಣ ಫೋಟೋಗ್ರಾಫರ್ ಆಗಿದ್ದದ್ದು. ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಫೋಟೋ ಕಳಿಸುವುದು ವಾಡಿಕೆಯಲ್ಲವೇ? ಮದುವೆ ಹೆಣ್ಣುಮಕ್ಕಳ ಪ್ರಿಂಟಿಗೆ ನಮ್ಮಲ್ಲಿ ಬೇರೆಯೇ ಲೆಕ್ಕ: ಬಳ್ಳಾರಿಯವರೆಗೆ ಒಯ್ಯದೆ ರಾಂಪುರದಲ್ಲೇ ಇಳಿಸಿಬಿಡುವುದು. ಒಂದು ಊರು ಕಮ್ಮಿ, ಒಂದು ಸುತ್ತು ಬಿಳುಪು. ಊರಿನ ಹೆಣ್ಣುಮಕ್ಕಳನ್ನು ರಾಂಪುರದಲ್ಲಿ ಇಳಿಸಿದವರು ಸ್ವಂತ ತಂಗಿಯನ್ನು ಪ್ರೀತಿಯ ಭರದಲ್ಲಿ ಹಾನಗಲ್‌ನಲ್ಲೇ ಇಳಿಸಿದರು. ಗಾಯದ ಗೆರೆ ಹೋಯಿತು, ಗುಳಿ ಹೋಯಿತು, ಮೂಗುಬೊಟ್ಟು ಕೂಡ ಅರ್ಧ ಹೋಯಿತು. ಉಳಿದದ್ದು ಸುಣ್ಣ ಬಳಿದ ಗೋಡೆಗೆ ಎರಡು ಕಣ್ಣು.

ಮೊದಲು ಬಂದ ಗಂಡಿನ ಕಡೆಯವರು ರತ್ನ ತಂದಿಟ್ಟ ಕಾಫಿ ಕುಡಿದು, ಮಂಡಕ್ಕಿ ತಿಂದು, "ಸರಿ, ಹುಡ್ಗೀನ ಕರೀರಿ" ಎಂದರು. "ಇವಳೇ" ಎಂದರು ನಮ್ಮತ್ತೆ. ಅವರು ಫೋಟೋ ನೋಡಿದರು, ಇವಳನ್ನು ನೋಡಿದರು, ಚಪ್ಪಲಿ ನೋಡಿಕೊಂಡರು. ಎರಡನೆಯವರು ಇನ್ನೂ ಒಂದು ಹೆಜ್ಜೆ ಮುಂದೆ. ಊರಿಗೆ ಹೋದ ಮೇಲೆ, "ಫೋಟೋದಾಗಿರೋ ಹುಡ್ಗೀನ ಕೊಡೋದಾದ್ರೆ ಹೇಳಿ ಕಳ್ಸಿ" ಎಂದು ಹೇಳಿಕಳಿಸಿದರು. ನಾವೆಲ್ಲ ಅದನ್ನು ಹೇಳಿಕೊಂಡು ನಗಲು ನೋಡಿದೆವು. ರತ್ನ ನಗಲಿಲ್ಲ. ಬಚ್ಚಲಿನಲ್ಲಿ ಟ್ರೇ ತೊಳೆಯುತ್ತಿದ್ದ ನನ್ನ ಪಕ್ಕ ಬಂದು ಕೂತು, "ಅತ್ಗೆ, ಆ ಬಿಳೀ ಹುಡ್ಗಿ ಯಾರೋ ಏನೋ, ನನ್ನ ಜೀವ ತಿಂತಾ ಅದಾಳೆ" ಎಂದಳು. ಕಣ್ಣಲ್ಲಿ ನೀರಿತ್ತು. ನಾನು ಕೈಯಲ್ಲಿದ್ದ ಟ್ರೇ ಕೆಳಗಿಟ್ಟೆ. ಆ ಬಿಳೀ ಹುಡುಗಿಯನ್ನು ಟ್ರೇಯಲ್ಲಿ ಆಡಿಸಿ ಎಬ್ಬಿಸಿದ ಕೈ ನನ್ನದೇ ಅಲ್ಲವೇ?

ಅತ್ತೆ ಗಡುವು ಹಾಕಿದರು. "ಇದೊಂದು ಸಲ ನೋಡ್ತೀನಿ. ಇದೂ ತಪ್ಪಿದ್ರೆ ನನ್ ತಮ್ಮಗೇ ಕೊಟ್ಬಿಡ್ತೀನಿ." ಅತ್ತೆಯ ತಮ್ಮ ಎಂದರೆ ರತ್ನಳ ಸೋದರಮಾವ. ಸಂಬಂಧದಲ್ಲಿ ತಪ್ಪೇನಿಲ್ಲ, ನಮ್ಮಲ್ಲಿ ನಡೆಯುವಂಥದ್ದೇ. ಆದರೆ ಹೆಂಡತಿ ತೀರಿಕೊಂಡ ಮನುಷ್ಯ, ರತ್ನಳ ಎರಡರಷ್ಟು ವಯಸ್ಸು, ಊಟಕ್ಕೆ ಕೂತರೆ ಹಲ್ಲಿನ ಸೆಟ್ಟು ತೆಗೆದು ಲೋಟಕ್ಕೆ ಹಾಕುತ್ತಿದ್ದರು. ರತ್ನ ಅವರನ್ನು ಮಾವ ಎಂದು ಮನಸಾರೆ ಪ್ರೀತಿಸುತ್ತಿದ್ದಳು, ಮಾವನಾಗಿ ಮಾತ್ರ.

ಮೂರನೆಯ ಸಂಬಂಧ ರಾಂಪುರದ್ದು. ಹುಡುಗ ನಾಗರಾಜ, ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಅವನ ಫೋಟೋ ನಮಗೆ ಬಂದಿತ್ತು. ರೋಜು ಬಳಿದ ಬೆಳ್ಳನೆಯ ಮುಖ, ಪೆನ್ಸಿಲ್ಲಿನಲ್ಲಿ ತಿದ್ದಿದ ಮೀಸೆ. ಅದನ್ನು ತಂದ ಮದುವೆ ದಲ್ಲಾಳಿ ಬೋರಯ್ಯನವರು ಮಧ್ಯಾಹ್ನದ ಬಸ್ಸಿಗೆ ವಾಪಸು ಹೋಗುವವರು, ಹೋಗುವಾಗ ರತ್ನಳ ಫೋಟೋ ಕೊಡಬೇಕು. ಅವತ್ತೇ ಯಜಮಾನರಿಗೆ ಉಳ್ಳಾರ್ತಿ ಕಡೆ ಮದುವೆ ಫೋಟೋ ಕೆಲಸ. ಸೈಕಲ್ ಹತ್ತುತ್ತ ಹೇಳಿದರು: "ಲಕ್ಷ್ಮೀ, ಈ ಸಲ ನೀನೇ ಹಾಕು. ಹಾನಗಲ್ ಬ್ಯಾಡ, ತೀರಾ ಬೆಳ್ಳಗಾತು. ರಾಂಪುರಕ್ಕೆ ಇಳಿಸ್ಬಿಡು."

ಅಲ್ಲಿಯವರೆಗೆ ಎಣಿಸುವ ಕೆಲಸ ಅವರದು, ಅದೂ ಬಾಯಿ ಬಿಡದೆ ಮನಸ್ಸಿನಲ್ಲೇ. ಟ್ರೇ ಆಡಿಸುವುದು ಮಾತ್ರ ನನ್ನದು. ನಾನು ಒಲೆ ಮುಂದೆ ಎಣಿಸಿ ಅಭ್ಯಾಸ ಮಾಡಿಕೊಂಡಿದ್ದೆ, ಎರಡು ಸಲ ಉಪ್ಪಿಟ್ಟು ಸೀಯಿಸಿಯೂ ಇದ್ದೆ. ಮೊದಲ ಸಲ ಸ್ವತಂತ್ರವಾಗಿ ಬಲ್ಬು ಹಾಕಿದೆ. ಎಣಿಸಿದೆ. ಚಳ್ಳಕೆರೆ... ತಳಕು... ಬಿ.ಜಿ.ಕೆರೆ... ಹಾನಗಲ್... ಮೊಳಕಾಲ್ಮೂರು... ಹಾನಗಲ್... ರಾಂಪುರ. ಬಲ್ಬು ಆರಿಸಿದೆ.

ಕಾಗದ ಟ್ರೇಗೆ ಬಿತ್ತು. ಹುಬ್ಬು ಬಂತು. ಹುಬ್ಬಿನ ಮೇಲೆ ಗೆರೆ ಬಂತು. ಕಣ್ಣು, ಮೂಗುಬೊಟ್ಟು, ಆಮೇಲೆ ಮೆಲ್ಲಗೆ, ಬರಲೋ ಬೇಡವೋ ಎಂಬಂತೆ, ಕೆನ್ನೆಯ ಗುಳಿ. "ರತ್ನಾ, ಬಾರೆ ಇಲ್ಲಿ!" ಎಂದು ಕೂಗಿದೆ. ಅವಳು ಬಂದು ಬಗ್ಗಿ ನೋಡಿದಳು. ನೀರಿನಲ್ಲಿದ್ದವಳೂ ಇವಳನ್ನು ನೋಡಿದಳು. ಇಬ್ಬರೂ ಒಂದೇ ತರಹ ನಗುತ್ತಿದ್ದರು.

ಹೈಪೋದಲ್ಲಿ ನೆನೆದು ಮುಗಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಯಾಯಿತು. ಬಾಗಿಲು ತೆರೆದೆವು. ಹಗಲು ಬೆಳಕಿನಲ್ಲಿ ನೋಡಿ ಅತ್ತೆ ಎದೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ನನ್ ಶಿವನೇ, ಇದೇನೇ ಲಕ್ಷ್ಮಿ, ಹುಡ್ಗೀನ ಹಂಚಿನ ಮ್ಯಾಲೆ ಹಾಕಿ ತೆಗ್ದೀಯ? ಇನ್ನೊಂದು ಹಾಕು!" ಕರೆಂಟಿಲ್ಲದೆ ಹಾಕುವುದು ಹೇಗೆ? ಬೋರಯ್ಯನವರು ಹೊರಗಿನಿಂದ, "ಬಸ್ಸು ಬಿಡ್ತೈತೆ ಕಣ್ರವ್ವಾ, ಕೊಡಂಗಿದ್ರೆ ಕೊಡ್ರಿ, ಇಲ್ದಿದ್ರೆ ಹೊಂಡ್ತೀನಿ" ಎನ್ನುತ್ತಿದ್ದರು. ನಾನು ಒದ್ದೆ ಫೋಟೋ ಹಿಡಿದು ಬಾಗಿಲಲ್ಲಿ ಕಂಬವಾಗಿ ನಿಂತೆ. ರತ್ನ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಲಂಗಕ್ಕೆ ಒರೆಸಿ, ಹಳೇ ಪೇಪರಿನ ನಡುವೆ ಇಟ್ಟು, ತಾನೇ ಹೋಗಿ ಬೋರಯ್ಯನವರ ಚೀಲಕ್ಕೆ ಹಾಕಿದಳು. "ಇದೇ ಒಯ್ರಿ ಯಜಮಾನ್ರೇ. ಇದು ನಾನು."

ಯಜಮಾನರು ಸಂಜೆ ಬಂದರು. ಅಷ್ಟರಲ್ಲಿ ಕರೆಂಟು ಬಂದು ನಾನು ಎರಡನೆಯ ಪ್ರತಿಯನ್ನೂ ಅದೇ ಲೆಕ್ಕದಲ್ಲಿ ಹಾಕಿ ಒಣಹಾಕಿದ್ದೆ. ನೋಡಿದವರೇ ತಲೆ ಮೇಲೆ ಕೈ ಹೊತ್ತು ಕೂತರು. "ನನ್ ತಂಗಿ ಬಾಳು ಹಾಳು ಮಾಡ್ದಲ್ಲೇ! ಎಲ್ಲಿಗೆ ಇಳಿಸ್ದೆ ಇವಳ್ನ?"

"ನೀವು ಹೇಳ್ದಂಗೇ, ರಾಂಪುರಕ್ಕೆ."

"ಸುಳ್ಳು. ಇದು ಬಳ್ಳಾರಿ ದಾಟಿ ಹೋಗೈತೆ. ಎಣ್ಸು ನೋಡಾಣ, ಗಟ್ಟಿಯಾಗಿ."

ಎಣಿಸಿದೆ. ಹಾನಗಲ್ ಆದ ಮೇಲೆ ಮೊಳಕಾಲ್ಮೂರು ಎಂದ ತಕ್ಷಣ ಅವರು ಜಿಗಿದೆದ್ದರು. "ತಡಿ, ತಡಿ! ಮೊಳಕಾಲ್ಮೂರಿಗೆ ಯಾಕೆ ಹೋದೆ?"

"ಹೋಗ್ದೆ? ಬಸ್ಸು ಹಾನಗಲ್‌ನಿಂದ ಒಳಗೆ ಮೊಳಕಾಲ್ಮೂರಿಗೆ ಹೋಗಿ, ಮತ್ತೆ ಹಾನಗಲ್‌ಗೆ ಬಂದು, ಆಮ್ಯಾಲೆ ರಾಂಪುರಕ್ಕೆ ಹೋಗಲ್ವಾ?"

"ಅದು ನಿಮ್ಮೂರ ಬಸ್ಸು ಕಣೇ! ನಾನು ಹೇಳಿದ್ದು ಬಳ್ಳಾರಿ ಬಸ್ಸು. ಹಾನಗಲ್‌ನಿಂದ ಸೀದಾ ರಾಂಪುರ. ಐದೇ ಊರು!"

ನನಗೂ ರೇಗಿತು. ಆ ಸೀದಾ ಹೋಗುವ ಬಳ್ಳಾರಿ ಬಸ್ಸಿನ ಮೇಲೆ ಮೊಳಕಾಲ್ಮೂರಿನವರಿಗೆ ಇರುವ ಸಿಟ್ಟು ನಿಮಗೆ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಸೀರೆಗಂಟು ಹೊತ್ತು ಹಾನಗಲ್ ಕ್ರಾಸಿನಲ್ಲಿ ಇಳಿದು, ಊರ ಕಡೆಯ ಗಾಡಿಗಾಗಿ ಬಿಸಿಲಲ್ಲಿ ಕಾದು ನಿಂತ ಪಾದಗಳು ಇವು. "ಮೊಳಕಾಲ್ಮೂರಿಗೆ ಹೋಗ್ದಿರೋದು ಬಸ್ಸೇ ಅಲ್ಲರೀ" ಅಂದೆ. ಐದಕ್ಕೆ ಏಳಾಗಿತ್ತು. ತವರಿನ ಅಭಿಮಾನದಲ್ಲಿ ನಾನು ನಾದಿನಿಯನ್ನು ಎರಡು ಊರು ಹೆಚ್ಚಿಗೆ ಸುಡಿಸಿದ್ದೆ. ರೇಗಿದ್ದು ಇಳಿದ ಮೇಲೆ ಹೆದರಿಕೆ ಹತ್ತಿತು. ನನ್ನ ಹಾನಗಲ್‌ನಿಂದಾಗಿ ಈ ಹುಡುಗಿ ಹಲ್ಲಿನ ಸೆಟ್ಟಿನ ಪಕ್ಕ ಊಟಕ್ಕೆ ಕೂರಬೇಕಾಗುತ್ತದೆಯೇ? ಒಂದು ವಾರ ನನಗೆ ಅನ್ನ ಸೇರಲಿಲ್ಲ.

ವಾರ ಕಳೆದು ರಾಂಪುರದವರು ಬಂದರು. ನಾಗರಾಜ, ಅವನ ಅಪ್ಪ, ಜೊತೆಗೊಬ್ಬರು ಅಜ್ಜಿ. ಅಜ್ಜಿ ಅರ್ಧ ತೆಲುಗು, ಅರ್ಧ ಕನ್ನಡ. ರತ್ನ ಕಾಫಿ ತಟ್ಟೆ ಹಿಡಿದು ಬಾಗಿಲು ದಾಟುವುದಕ್ಕಿಲ್ಲ, ಅಜ್ಜಿ ಸೆರಗಿನ ಗಂಟಿನಿಂದ ಫೋಟೋ ತೆಗೆದು, "ಇದೇ ಪಿಲ್ಲ ಕದಾ, ಇದೇ ಹುಡ್ಗಿ! ಫೋಟೋದಾಗೆ ಹೆಂಗೈತೋ ಹಂಗೇ ಐತೆ" ಎಂದರು. ಅತ್ತೆ ಉಸಿರು ಬಿಟ್ಟದ್ದು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೂ ಕೇಳಿಸಿತು. ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ರತ್ನ ತಟ್ಟೆ ಇಟ್ಟವಳು ನಾಗರಾಜನ ಮುಖವನ್ನೇ ನೋಡಿದಳು. ಎಂಜಿನ್ನಿನ ಮುಂದೆ ಬೆಂದು ಬೆಂದು ರಾಗಿಮುದ್ದೆಯ ಬಣ್ಣಕ್ಕೆ ತಿರುಗಿದ ಮುಖ. ಮೀಸೆ ಇನ್ನೂ ಮೊಳೆಯುವುದರಲ್ಲಿತ್ತು. ಅವಳು ತಣ್ಣಗೆ ಕೇಳಿದಳು: "ಫೋಟೋದಾಗಿದ್ದೋರು ಬರ್ಲಿಲ್ವಾ?"

ಯಜಮಾನರ ಮುಖ ಹಾನಗಲ್‌ನಲ್ಲಿ ಇಳಿದಷ್ಟು ಬೆಳ್ಳಗಾಯಿತು. ಎರಡು ಸಲ ಅವಳು ನುಂಗಿಕೊಂಡ ಮಾತು ಅದು ಎಂದು ನನಗೆ ಗೊತ್ತಿತ್ತು. ಭಯದ ಜೊತೆಗೆ ಹೆಮ್ಮೆಯೂ ಆಯಿತು. ನಾಗರಾಜ ಕಾಫಿ ಲೋಟ ಕೆಳಗಿಟ್ಟ. "ಅವನು ಸ್ಟುಡಿಯೋ ಬಿಟ್ಟು ಹೊರಗೆ ಬರಲ್ಲಂತ್ರಿ. ಬಿಸಿಲಿಗೆ ಕರಗಿ ಹೋಗ್ತಾನಂತೆ. ಅದಕ್ಕೇ ನಾನೇ ಬಂದೆ" ಎಂದ. ಮೊದಲು ನಕ್ಕವರು ಅಜ್ಜಿ. ಆಮೇಲೆ ರತ್ನ ನಕ್ಕಳು. ಒಂದು ಕೆನ್ನೆಯಲ್ಲಿ ಗುಳಿ ಬಿತ್ತು, ನಾಗರಾಜ ಫೋಟೋ ಇಸಿದುಕೊಂಡು ಗುಳಿ ಸರಿಯಾಗಿ ಅಲ್ಲೇ ಇದೆಯೇ ಎಂದು ತಾಳೆ ನೋಡಿದ. ಮದುವೆ ನಿಶ್ಚಯವಾಗಲು ಅದಕ್ಕಿಂತ ಹೆಚ್ಚಿನ ಮಾತುಕತೆ ನಡೆಯಲಿಲ್ಲ.

ಮದುವೆಯ ಫೋಟೋಗಳೆಲ್ಲ ಕಲರು. ದಾವಣಗೆರೆಯ ಲ್ಯಾಬಿನಿಂದ ಪೊಟ್ಟಣ ಕಟ್ಟಿಕೊಂಡು ಬಂದವು. ಗೋಡೆಗೆ ಹಾಕಲು ಮಾತ್ರ ಒಂದು ಕಪ್ಪುಬಿಳುಪು ಜೋಡಿಚಿತ್ರ ಬೇಕೆಂದು ರತ್ನ ಹಟ ಹಿಡಿದಳು. ಯಜಮಾನರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಟ್ರೇ ಹಿಡಿದು ಪಕ್ಕದಲ್ಲಿದ್ದೆ. ಅವರ ಕೈ ಬಲ್ಬಿನ ಸ್ವಿಚ್ಚಿಗೆ ಹೋಗಿತ್ತು, ಅಷ್ಟರಲ್ಲಿ ಬಾಗಿಲ ಹೊರಗಿನಿಂದ ಹೊಸ ಮದುಮಗಳ ದನಿ ಬಂತು: "ಅಣ್ಣಾ, ಮೊಳಕಾಲ್ಮೂರಿನೊಳಗೆ ಹೋಗಿ ಬಾ."

ಯಜಮಾನರು ನನ್ನ ಕಡೆ ನೋಡಿದರು. ಕೆಂಪು ಬೆಳಕಿನಲ್ಲಿ ಅವರ ಮುಖದಲ್ಲಿ ಏನಿತ್ತೋ ಕಾಣಲಿಲ್ಲ. ನಮ್ಮ ಮದುವೆಯಾದ ಮೇಲೆ ಮೊದಲ ಸಲ ಬಾಯಿ ಬಿಟ್ಟು, ಹೊರಗೆ ನಿಂತ ತಂಗಿಗೆ ಕೇಳುವಷ್ಟು ಗಟ್ಟಿಯಾಗಿ ಎಣಿಸಿದರು. ಚಳ್ಳಕೆರೆ... ತಳಕು... ಬಿ.ಜಿ.ಕೆರೆ... ಹಾನಗಲ್... ಅಲ್ಲಿ ಒಂದು ಗಳಿಗೆ ತಡೆದರು. ನಾನು ಉಸಿರು ಹಿಡಿದುಕೊಂಡೆ.

"ಮೊಳಕಾಲ್ಮೂರು" ಎಂದರು.